ಬಾಗಿಲಲ್ಲೇ ನಿಂತುಬಿಡಬೇಡ

ಪ್ರೀತಿಯ ತಂಗಿಗೆ,

ನಿನ್ನ ಪತ್ರವೂ ಜೊತೆಗಿದ್ದ ಲೇಖನವೂ ಸೋಮವಾರ ಕೈಸೇರಿದವು. ಪತ್ರದ ಉದ್ದಕ್ಕೂ ‘ಮೇಡಂ’ ಎಂದು ಬರೆದಿದ್ದೀಯೆ. ಅಕ್ಕ ಎನ್ನು, ಸಾಕು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ಮನೆ ಓದಿದಾಗ ಕಣ್ಣು ತೇವವಾಯಿತು. ಎರಡನೆಯ ಸಲ ಪೆನ್ಸಿಲ್ ಹಿಡಿದು ಕೂತಾಗ ಒಂದು ಚಿಂತೆ ಹುಟ್ಟಿತು. ನೀನು ಚೆನ್ನಾಗಿ ಬರೆಯಬಲ್ಲೆ, ಅದಕ್ಕೇ ಅದನ್ನು ಮುಚ್ಚಿಡದೆ ಹೇಳುತ್ತೇನೆ.

ನಿನ್ನ ಲೇಖನದಲ್ಲಿ ಹನ್ನೆರಡು ಪ್ಯಾರಾಗಳಿವೆ. ಅವುಗಳಲ್ಲಿ ಒಂಬತ್ತು ಸಿ.ವಿ. ರಾಮನ್ ಅವರ ಕೊಠಡಿಯಲ್ಲೇ ನಡೆಯುತ್ತವೆ. 1933ರಲ್ಲಿ ಬಾಂಬೆಯಿಂದ ಬಿ.ಎಸ್ಸಿ. ಮುಗಿಸಿ ಬಂದ, ಆಗಿನ್ನೂ ಕಮಲಾ ಭಾಗವತ್ ಆಗಿದ್ದ ಅವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರವೇಶ ನಿರಾಕರಿಸಿದ್ದು, ಕಾರಣ ಅವರು ಹೆಣ್ಣು ಎನ್ನುವುದೊಂದೇ ಆಗಿದ್ದದ್ದು, ಅವರು ಹಟ ಹಿಡಿದದ್ದು, ಕೊನೆಗೆ ನಿರ್ದೇಶಕರಾಗಿದ್ದ ರಾಮನ್ ಷರತ್ತುಗಳನ್ನು ಹಾಕಿ ಒಪ್ಪಿದ್ದು. ಒಂದು ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ, ಗಂಡಸರ ಗಮನ ಕೆಡಿಸಬಾರದು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು ಎಂಬುದನ್ನು ನೀನು ಹೇಳಿಲ್ಲ, ಸೇರಿಸು. ಮನೆಯ ಗಂಡಸರು ಹೊಕ್ಕ ಬಾಗಿಲೇ ಮಗಳಿಗೆ ಮುಚ್ಚಿತು ಎಂದಾಗ ಓದುಗರಿಗೆ ಆ ಅವಮಾನದ ತೂಕ ತಿಳಿಯುತ್ತದೆ.

ಈ ಘಟನೆಯನ್ನು ಬರೆಯಲೇಬೇಕು, ಅದರ ಕಹಿಯನ್ನು ಒಂದು ತೊಟ್ಟೂ ಕಡಿಮೆ ಮಾಡಬಾರದು. ರಾಮನ್ ಅವರ ಮೇಲೆ ನಮಗೆಲ್ಲ ಇರುವ ಗೌರವ ನಿನ್ನ ಕೈ ಕಟ್ಟದಿರಲಿ. ಆದರೆ ಒಂಬತ್ತು ಪ್ಯಾರಾ ಕಳೆದರೂ ಕಮಲಾ ಅವರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ, ಮಾತೆಲ್ಲ ಒಳಗೆ ಕುರ್ಚಿಯಲ್ಲಿ ಕೂತವರದ್ದು. ಅಂದು ತಡೆದವರು ಒಂದು ವರ್ಷದ ಗಡುವಾದರೂ ಹಾಕಿದ್ದರು. ಅವರ ಕಥೆ ಹೇಳುವ ನಾವು ತೊಂಬತ್ತು ವರ್ಷಗಳಿಂದ ಅವರನ್ನು ಅಲ್ಲೇ ನಿಲ್ಲಿಸಿದ್ದೇವೆ.

ಅವರು ಒಳಗೆ ಹೋಗಿ ಮಾಡಿದ್ದೇನು? ನಿನ್ನ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದು ವಾಕ್ಯ: ‘ಆಕೆ ಆಹಾರದ ಬಗ್ಗೆ ಮಹತ್ವದ ಸಂಶೋಧನೆ ಮಾಡಿದಳು.’ ತಂಗಿ, ‘ಮಹತ್ವದ’ ಎಂಬ ಪದ ಓದುಗರಿಗೆ ಏನನ್ನೂ ತೋರಿಸುವುದಿಲ್ಲ. ಅವರು ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳನ್ನು ಪರೀಕ್ಷಿಸುತ್ತ ಕೂತರು. ಬೇಳೆಯೇ ಬಡವರ ಮಾಂಸವಾಗಿದ್ದ ದೇಶದಲ್ಲಿ ಆ ಬೇಳೆಯೊಳಗೆ ಏನಿದೆ ಎಂದು ಕೇಳುವುದು ಸಣ್ಣ ಪ್ರಶ್ನೆಯಾಗಿರಲಿಲ್ಲ. 1936ರಲ್ಲಿ ಎಂ.ಎಸ್ಸಿ. ಆಯಿತು. ಅಲ್ಲಿಂದ ಕೇಂಬ್ರಿಜ್. ಅಲ್ಲಿ ಆಲೂಗೆಡ್ಡೆ ಹಿಡಿದು ಸಸ್ಯಗಳ ಜೀವಕೋಶ ಹೇಗೆ ಉಸಿರಾಡುತ್ತದೆ ಎಂದು ಹುಡುಕಿದರು. ಅದರಲ್ಲಿ ಪಾತ್ರ ವಹಿಸುವ ಸೈಟೋಕ್ರೋಮ್ ಸಿ ಎಂಬ, ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡ ಪ್ರೋಟೀನು ಸಸ್ಯಕೋಶಗಳಲ್ಲಿ ಇರುವುದನ್ನು ತೋರಿಸಿದರು. ಸುಮಾರು 40 ಪುಟಗಳ ಪ್ರಬಂಧಕ್ಕೆ 1939ರಲ್ಲಿ ಪಿಎಚ್.ಡಿ. ಬಂತು.

ನನಗೆ ಇದಕ್ಕಿಂತ ಹೆಚ್ಚು ಹತ್ತಿರವಾದದ್ದು ಅವರು ಆಮೇಲೆ ಮಾಡಿದ ಕೆಲಸ. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೋಷಣಾ ಪ್ರಯೋಗಾಲಯ ದಾಟಿ ಬಾಂಬೆಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರು ಮತ್ತೆ ಕಾಳುಗಳ ಕಡೆ ತಿರುಗಿದರು. 1955ರಲ್ಲಿ ಅವರೂ ಸಹಸಂಶೋಧಕರೂ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಅದು ನಮ್ಮ ಅವರೆಕಾಳಿನ ಬಗ್ಗೆ! ಹೊಟ್ಟೆಗೆ ಹೋದ ಪ್ರೋಟೀನನ್ನು ಅರಗಿಸಲು ಕರುಳಿನಲ್ಲಿ ಟ್ರಿಪ್ಸಿನ್ ಎಂಬ ಕಿಣ್ವವಿರುತ್ತದೆ. ಆ ಟ್ರಿಪ್ಸಿನ್ನಿನ ಕೈಕಟ್ಟುವ ವಸ್ತುವೊಂದು ಅವರೆಯೊಳಗೆ, ಡಬ್ಬಲ್ ಬೀನ್ಸಿನೊಳಗೆ ಅಡಗಿರುತ್ತದೆ. ಅದನ್ನು ಅವರು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಕಾಳನ್ನು ಚೆನ್ನಾಗಿ ಬೇಯಿಸಿದಾಗ ಇಂಥ ವಸ್ತುಗಳ ಬಲ ಬಹುಮಟ್ಟಿಗೆ ಕುಂದುತ್ತದೆ. ಅವರೆಕಾಳು ಅರೆಬೆಂದಿದ್ದರೆ ಒಲೆಯಿಂದ ಇಳಿಸಲು ಬಿಡದ ನನ್ನ ಅಜ್ಜಿಯನ್ನು ನೆನೆದು ಆ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ಓದುಗರಲ್ಲಿ ಪ್ರತಿಯೊಬ್ಬರ ಅಡುಗೆಮನೆಗೂ ಈ ವಿಜ್ಞಾನಿ ಬಂದು ಹೋಗಿದ್ದಾರೆ. ಅಂಥದ್ದು ಕೈಯಲ್ಲಿರುವಾಗ ಕೊಠಡಿಯ ಜಗಳದಲ್ಲೇ ಕಥೆ ಮುಗಿಸುವುದೇ?

ಹುಡುಕುವಾಗ ಒಂದು ಎಚ್ಚರ. ಅವರು ಸೊಹೊನಿಯಾದದ್ದು 1947ರಲ್ಲಿ, ಮದುವೆಯ ನಂತರ. ಅದಕ್ಕೂ ಮುಂಚಿನ ಪ್ರಬಂಧಗಳೆಲ್ಲ ಭಾಗವತ್ ಎಂಬ ಹೆಸರಿನಲ್ಲಿವೆ. ಒಂದೇ ಹೆಸರಿನಲ್ಲಿ ಹುಡುಕಿದರೆ ಅರ್ಧ ಬದುಕು ಕಾಣೆಯಾಗುತ್ತದೆ. ಹೆಣ್ಣುಮಕ್ಕಳ ವಿಜ್ಞಾನದ ಚರಿತ್ರೆ ಬರೆಯುವವರು ಇದನ್ನು ಮೊದಲ ದಿನವೇ ಕಲಿಯಬೇಕು. ಗಂಡಸರ ಚರಿತ್ರೆ ಬರೆಯುವವರಿಗೆ ಇದರ ಯೋಚನೆಯೇ ಬರುವುದಿಲ್ಲ.

ಈಗ ಭಾಷೆಯ ಮಾತು. ನಿನ್ನ ಲೇಖನದ ಎರಡನೆಯ ಪುಟದಲ್ಲಿ ಒಂದು ವಾಕ್ಯಕ್ಕೆ ಗೆರೆ ಎಳೆದಿದ್ದೇನೆ: ‘ರಾಮನ್ ಅವರು ನಿರಾಕರಿಸಿದರು, ಕಮಲಾ ಮಾತ್ರ ಜಗ್ಗಲಿಲ್ಲ, ಅವಳು ಅಲ್ಲೇ ಕುಳಿತಳು.’ ಅವರಿಗೆ ಬಹುವಚನ, ಇವರಿಗೆ ಏಕವಚನ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ, ಬರೆಯುವವರಿಗೆ ಗೊತ್ತಾಗದ ಹಾಗೆ ಕೂತಿರುತ್ತದೆ. ಆಕೆಗೆ ಆಗ ಇನ್ನೂ 22 ವರ್ಷ, ಎಳೆಯ ಹುಡುಗಿ, ಪ್ರೀತಿಯಿಂದ ಹಾಗೆ ಬರೆದೆ ಎಂದು ನೀನು ಹೇಳಬಹುದು. ಹಾಗಾದರೆ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ನೌಕರಿಗೆ ಸೇರಿದ ತರುಣ ರಾಮನ್ ಅವರನ್ನೂ ನಾವು ‘ಅವನು’ ಎಂದು ಬರೆಯಬೇಕಿತ್ತು. ಯಾರೂ ಬರೆದಿಲ್ಲ. ನಾನೂ ಬರೆದಿಲ್ಲ. ನನ್ನ ಮೊದಲ ಪುಸ್ತಕದ ತುಂಬ ಇದೇ ತಪ್ಪಿದೆ. ಅದನ್ನು ತೋರಿಸಿಕೊಟ್ಟವರು ಒಬ್ಬ ಓದುಗರು, ಅಂಚೆ ಕಾರ್ಡಿನಲ್ಲಿ ನಾಲ್ಕು ಸಾಲು ಬರೆದು. ಆ ಕಾರ್ಡ್ ಇಂದಿಗೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಹಾಗೆಯೇ ‘ಮಹಿಳಾ ವಿಜ್ಞಾನಿ’ ಎಂಬುದು. ವಿಜ್ಞಾನಿ ಎಂಬ ಪದಕ್ಕೆ ಕನ್ನಡದಲ್ಲಿ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಇದ್ದ ಭಾಗ್ಯವನ್ನು ನಾವೇಕೆ ಕಳೆದುಕೊಳ್ಳಬೇಕು? ಅವರು ಹೆಣ್ಣೆಂಬ ಕಾರಣಕ್ಕೇ ಏನಾದರೂ ನಡೆದ ಜಾಗದಲ್ಲಿ ಅದನ್ನು ಹೇಳು. ಉಳಿದೆಡೆ ವಿಜ್ಞಾನಿ ಎಂದಷ್ಟೇ ಬರೆ.

ನೀನು ಮುಂದೆ ಹವಾಮಾನ ವಿಜ್ಞಾನಿ ಅನ್ನಾ ಮಣಿಯವರ ಬಗ್ಗೆ ಬರೆಯುವ ಯೋಚನೆಯಲ್ಲಿದ್ದೀಯೆ ಎಂದು ತಿಳಿದು ಸಂತೋಷವಾಯಿತು. ಅವರ ಬಾಲ್ಯದ ಒಂದು ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡವೆಂದು ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದರಂತೆ. ಮುಂದೆ ಅವರು ಅಭ್ಯಾಸ ಮಾಡಿದ್ದೂ ವಜ್ರಗಳನ್ನೇ. ಇಂಥ ಹೊಂದಿಕೆ ಸಿಕ್ಕಾಗ ಕೈ ತುರಿಸುತ್ತದೆ. ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗು, ಏಕೆಂದರೆ ರಾಮನ್ ಅವರ ಪ್ರಯೋಗಾಲಯದಲ್ಲಿ ನಡೆದದ್ದು ಅದಕ್ಕಿಂತ ಚಂದವಾಗಿದೆ. ಕೆಲವು ವಜ್ರಗಳು ಬೆಳಕನ್ನು ಹೀರಿ ತಮ್ಮದೇ ಬಣ್ಣದ ಬೆಳಕನ್ನು ಹೊರಸೂಸುತ್ತವೆ, ಅದೇ ಪ್ರತಿದೀಪ್ತಿ. ಆ ಕ್ಷೀಣ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಲು ಒಂದೊಂದು ಸಲ 15ರಿಂದ 20 ಗಂಟೆ ಕಾಯಬೇಕಾಗುತ್ತಿತ್ತು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದರು. 1942ರಿಂದ 1945ರೊಳಗೆ ತಾವೊಬ್ಬರೇ ಲೇಖಕಿಯಾಗಿ ಐದು ಪ್ರಬಂಧಗಳನ್ನು ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ.ಗೆ ಮಹಾಪ್ರಬಂಧ ಸಲ್ಲಿಸಿದಾಗ ಎಂ.ಎಸ್ಸಿ. ಇಲ್ಲವೆಂಬ ಕಾರಣ ಕೊಟ್ಟು ಮದ್ರಾಸ್ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಆ ಪ್ರಬಂಧ ಇಂದಿಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಪದವಿ ಪಡೆದವರ ಪ್ರಬಂಧಗಳ ಹಾಗೆಯೇ ಅದಕ್ಕೂ ಗಟ್ಟಿ ರಟ್ಟು ಹಾಕಿದ್ದಾರೆ.

ಇಲ್ಲಿ ನಿನಗೊಂದು ಕಷ್ಟ ಎದುರಾಗುತ್ತದೆ. ಮುಂದೆ ಹವಾಮಾನ ಇಲಾಖೆ ಸೇರಿ, ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿ, ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಅನ್ನಾ ಮಣಿಯವರಿಗೆ ತಮ್ಮನ್ನು ‘ಹೆಣ್ಣು’ ಎಂದು ಪ್ರತ್ಯೇಕಿಸಿ ಮಾತಾಡುವುದೇ ಹಿಡಿಸುತ್ತಿರಲಿಲ್ಲ. ಪಿಎಚ್.ಡಿ. ಸಿಗದೇ ಹೋದದ್ದರಿಂದ ತಮಗೇನೂ ನಷ್ಟವಾಗಲಿಲ್ಲ ಎನ್ನುತ್ತಿದ್ದರು. ನೀನು ಅವರ ಮೇಲೆ ನಿನ್ನ ಸಂಕಟವನ್ನು ಹೊದಿಸಬೇಡ. ಅವರು ಹೀಗೆಂದರು ಎಂದು ಬರೆ. ವಿಶ್ವವಿದ್ಯಾಲಯ ಹಾಗೆ ಮಾಡಿತು ಎಂದೂ ಬರೆ. ಎರಡೂ ಪಕ್ಕಪಕ್ಕದಲ್ಲಿ ಇರಲಿ. ಒಂದು ಇನ್ನೊಂದನ್ನು ಅಳಿಸಬೇಕಿಲ್ಲ.

ರಾಮನ್ ಅವರ ಅದೇ ಪ್ರಯೋಗಾಲಯದಲ್ಲಿ ಸುನಂದಾ ಬಾಯಿ ಎಂಬವರಿದ್ದರು. ಅವರ ಮಹಾಪ್ರಬಂಧಕ್ಕೂ ಪದವಿ ಸಿಗಲಿಲ್ಲ. ಹೆಚ್ಚಿನ ಸಂಶೋಧನೆಗೆ ಸ್ವೀಡನ್ನಿಗೆ ಹೋಗಬೇಕಿದ್ದ ಹೊತ್ತಿನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು. ಅವರ ಬಗ್ಗೆ ಬರೆಯುವಾಗ ಪದವಿಯ ಸಂಗತಿಯನ್ನೂ ಸಾವಿನ ಸಂಗತಿಯನ್ನೂ ‘ಆದ್ದರಿಂದ’ ಎಂಬ ಪದದಿಂದ ಜೋಡಿಸಬೇಡ. ಆ ಪದ ಬರೆಯುವ ಹಕ್ಕು ನಮಗಿಲ್ಲ. ಅವರ ಪ್ರಬಂಧಗಳಿವೆ. ಅವನ್ನು ಓದು, ಅವುಗಳಲ್ಲಿ ಇರುವುದನ್ನು ಹೇಳು.

ಕೇಂಬ್ರಿಜ್ ಬಗ್ಗೆ ನೀನು ಬರೆದ ‘ಕೊನೆಗೂ ಸಮಾನತೆಯ ನಾಡು’ ಎಂಬ ಮಾತನ್ನು ತೆಗೆದುಬಿಡು. ಕಮಲಾ ಅವರನ್ನು ಆದರಿಸಿದ, ಜೀವರಸಾಯನ ವಿಜ್ಞಾನಿ ಹಾಪ್ಕಿನ್ಸ್ ಅವರ ಪ್ರಯೋಗಾಲಯ ನಿಜವಾಗಿಯೂ ಅಪರೂಪದ್ದು, ಅಲ್ಲಿ ಹಲವು ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರು. ಆದರೆ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಪೂರ್ಣ ಸದಸ್ಯರೆಂದು ಒಪ್ಪಿದ್ದು 1948ರಲ್ಲಿ. ಲಂಡನ್ನಿನ ರಾಯಲ್ ಸೊಸೈಟಿಗೆ ಮೊದಲ ಬಾರಿ ಇಬ್ಬರು ಹೆಣ್ಣುಮಕ್ಕಳು ಫೆಲೋ ಆಗಿ ಆಯ್ಕೆಯಾದದ್ದು 1945ರಲ್ಲಿ. ಅವರಲ್ಲಿ ಒಬ್ಬರಾದ ಮಾರ್ಜರಿ ಸ್ಟೀಫನ್‌ಸನ್ ಹಾಪ್ಕಿನ್ಸ್ ಅವರ ವಿಭಾಗದವರೇ. ಬಾಗಿಲು ಮುಚ್ಚುವುದು ಬೆಂಗಳೂರಿನ ಮಾತ್ರದ ರೋಗವಾಗಿರಲಿಲ್ಲ.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡುವಂಥದ್ದು. ಇಲ್ಲಿಯವರೆಗೆ ಹೇಳಿದವರೆಲ್ಲ ಪ್ರಬಂಧ ಬರೆದವರು, ಕಾಗದದಲ್ಲಿ ಉಳಿದವರು. ನಮ್ಮ ವೈದ್ಯದ ಚರಿತ್ರೆಯಲ್ಲಿ ಕಾಗದವೇ ಇಲ್ಲದವರು ಎಷ್ಟು ಜನ! ವೈದ್ಯ ಎಂಬ ಪದ ಕಿವಿಗೆ ಬಿದ್ದೊಡನೆ ಗಂಡಸಿನ ರೂಪ ಎದ್ದು ಬರುತ್ತದೆ. ಸೂಲಗಿತ್ತಿ ಎಂಬ ಪದಕ್ಕೆ ಪುಲ್ಲಿಂಗವೇ ಇಲ್ಲ. ಆ ವಿದ್ಯೆ ಅಷ್ಟು ಪೂರ್ತಿಯಾಗಿ ಹೆಂಗಸರದ್ದಾಗಿತ್ತು, ಅದಕ್ಕೇ ಅದನ್ನು ವಿದ್ಯೆಯೆಂದು ಎಣಿಸಿದವರು ಕಡಿಮೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತು, ಆಸ್ಪತ್ರೆಯ ಸೌಲಭ್ಯವಿಲ್ಲದ ಊರುಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಬಂದದ್ದರಿಂದ ಒಂದು ಹೆಸರು ನಮಗೆ ಗೊತ್ತಾಯಿತು.

ಮೂವತ್ತು ವರ್ಷಗಳ ಹಿಂದೆ ನಾನು ಒಂದು ತಾಲ್ಲೂಕಿನ ಹಳೆಯ ಆಸ್ಪತ್ರೆಯ ಮೇಲೆ ದೀರ್ಘ ಲೇಖನ ಬರೆದಿದ್ದೆ. ಅಲ್ಲಿದ್ದ ಡಾಕ್ಟರುಗಳ ಹೆಸರು, ಊರು, ಬಂದ ವರ್ಷ, ಹೋದ ವರ್ಷ ಎಲ್ಲ ಸಂಗ್ರಹಿಸಿದೆ. ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಎರಡು ದಿನವೂ ಕೂತಿದ್ದರು. ಡಾಕ್ಟರು ಬರುವ ಮುಂಚೆ ಊರಿನ ಹೆರಿಗೆಯೆಲ್ಲ ಆಕೆಯ ಕೈಯಲ್ಲೇ ಆಗುತ್ತಿತ್ತು ಎಂದು ಯಾರೋ ಹೇಳಿದರು. ನಾನು ‘ಓಹೋ’ ಎಂದು ಬರೆದುಕೊಂಡೆ, ಹೆಸರು ಕೇಳಲಿಲ್ಲ. ಮತ್ತೆ ಹೋದಾಗ ಬೆಂಚು ಖಾಲಿಯಿತ್ತು. ನನ್ನ ಲೇಖನದಲ್ಲಿ ಅವರು ‘ಒಬ್ಬ ಮುದುಕಿ’ ಆಗಿಯೇ ಉಳಿದಿದ್ದಾರೆ. ಅದನ್ನು ತಿದ್ದುವ ದಾರಿ ನನಗಿನ್ನು ಇಲ್ಲ.

ನಿನ್ನ ಅಜ್ಜಿಗೆ ಎಂಬತ್ತೆಂಟು ಎಂದು ಬರೆದಿದ್ದೀಯೆ. ಹಬ್ಬಕ್ಕೆ ಊರಿಗೆ ಹೋದಾಗ ಅವರ ಹೆರಿಗೆಗಳಿಗೆ ಬಂದವರು ಯಾರು, ಅವರ ಹೆಸರೇನು, ಯಾವ ಕೇರಿಯವರು, ಬಾಣಂತಿಗೆ ಮೊದಲು ಏನು ಕುಡಿಸುತ್ತಿದ್ದರು, ಮಗು ಅಡ್ಡ ಬಂದರೆ ಏನು ಮಾಡುತ್ತಿದ್ದರು, ಕೂಲಿಯೆಂದು ಏನು ಕೊಡುತ್ತಿದ್ದರು, ಮನೆಯೊಳಗೆ ಎಲ್ಲಿಯವರೆಗೆ ಬಿಟ್ಟುಕೊಳ್ಳುತ್ತಿದ್ದರು, ಎಲ್ಲ ಕೇಳು. ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಅಜ್ಜಿ ಹಿಂಜರಿಯಬಹುದು, ಆಗಲೂ ಕೇಳು.

ಬೆಂಗಳೂರಿಗೆ ಬಂದಾಗ ರಾಮನ್ ಸಂಸ್ಥೆಗೆ ಪತ್ರ ಬರೆದು, ಅನುಮತಿ ಪಡೆದು ಅನ್ನಾ ಮಣಿಯವರ ಪ್ರಬಂಧವನ್ನು ನೋಡಿಕೊಂಡು ಹೋಗು. ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಅದಕ್ಕೆ ಪ್ರಯಾಣವೂ ಬೇಡ. ಭೌತಶಾಸ್ತ್ರ ಅರ್ಥವಾಗದ ಕಡೆ ಕಾಲೇಜಿನ ಮೇಷ್ಟರನ್ನು ಕೇಳು, ನಾಚಬೇಡ. ನಾನು ಟ್ರಿಪ್ಸಿನ್ ಅರ್ಥ ಮಾಡಿಕೊಂಡದ್ದು ಪಕ್ಕದ ಮನೆಯ ನರ್ಸಿಂಗ್ ವಿದ್ಯಾರ್ಥಿನಿಯಿಂದ.

ಲೇಖನವನ್ನು ಇದರೊಂದಿಗೆ ಹಿಂದಕ್ಕೆ ಕಳುಹಿಸಿದ್ದೇನೆ. ರಾಮನ್ ಅವರ ಕೊಠಡಿಗೆ ಎರಡು ಪ್ಯಾರಾ ಉಳಿಸಿ ಮಿಕ್ಕದ್ದನ್ನು ಮತ್ತೆ ಬರೆ. ಅವರೆಕಾಯಿಯ ಕಾಲಕ್ಕೆ ಎರಡನೆಯ ಕರಡು ಹಿಡಿದುಕೊಂಡು ಮನೆಗೇ ಬಾ, ಹಿತಕಿದ ಬೇಳೆ ಸಾರು ಮಾಡಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ