ಒಳಗಿನ ಮಾತಿಗೆ ಎದುರು ಮಾತಾಡು, ಪುಟ್ಟಿ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ಮನಸ್ಸಾಗಲಿಲ್ಲ. "ಕೌನ್ಸೆಲರ್ ಮೇಡಂ ಹೇಳಿದ ಹಾಗೆ ತಲೆಯಲ್ಲಿ ಓಡೋದನ್ನೆಲ್ಲ ಬರೆದಿಟ್ಟೆ. ಓದಿದರೆ ಬರೀ ಬೈಗುಳ. ಇಷ್ಟು ಬೈಯೋದು ಯಾರಮ್ಮ, ನಾನೇನಾ?" ಎಂದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿನ್ನ ದೊಡ್ಡಮ್ಮನ ಗಾಬರಿಯ ವಿಷಯ. "ಒಳಗೆ ಮಾತು ಕೇಳಿಸುತ್ತದಂತೆ" ಎಂದು ಅವರು ಹೆದರಿದ್ದಾರೆ. ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ನರ್ಸಾಗಿ ನಾನು ನೋಡಿಕೊಂಡ ಕೆಲವರಿಗೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ, ಬೇರೆಯವರು ಮಾತಾಡಿದ್ದು ಕಿವಿಗೆ ಬಿದ್ದಂತೆಯೇ ಕೇಳಿಸುತ್ತಿತ್ತು. ಅದು ಬೇರೆ ಸಂಗತಿ. ಅದಕ್ಕೆ ಸೈಕಿಯಾಟ್ರಿಸ್ಟ್‌ಗೆ ತೋರಿಸಬೇಕು, ಔಷಧಿಯೂ ಇದೆ. ನಿನಗಾದರೋ ಅದು ನಿನ್ನದೇ ಯೋಚನೆ ಎಂಬುದು ಗೊತ್ತಿದೆ. ಇಂಥ ಒಳಮಾತು ಎಷ್ಟೋ ಜನರಿಗೆ ಇರುತ್ತದೆ. ನಿನ್ನ ಅಪ್ಪನ ಹಾಗೆ ಮಾತಿಗಿಂತ ಚಿತ್ರಗಳಲ್ಲೇ ಹೆಚ್ಚು ಯೋಚಿಸುವವರೂ ಇದ್ದಾರೆ. ಎರಡೂ ಕಾಯಿಲೆಯಲ್ಲ. ದೊಡ್ಡಮ್ಮನಿಗೆ ನಾನೇ ತಿಳಿಸಿ ಹೇಳುತ್ತೇನೆ.

ಇನ್ನು ಬೈಯುವುದು ಯಾರು ಅಂದೆಯಲ್ಲ. ಚಿಕ್ಕವಳಿದ್ದಾಗ ನೀನು ಗೊಂಬೆಗೆ ಎರೆಯುತ್ತಾ "ಕಣ್ ಮುಚ್ಕೋ, ಸೀಗೆಪುಡಿ ಹೋಗುತ್ತೆ" ಅನ್ನುತ್ತಿದ್ದೆ, ಥೇಟ್ ನಿನ್ನ ಅಜ್ಜಿಯ ರಾಗದಲ್ಲಿ. ಯಾರಾದರೂ ಕೇಳಲಿ ಎಂದಲ್ಲ, ನಿನಗೆ ನೀನೇ ಹೇಳಿಕೊಳ್ಳುತ್ತಿದ್ದೆ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ ಇದನ್ನೇ ಗಮನಿಸಿದವರು. 1934ರಲ್ಲಿ, ಬರೀ 37ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡರು. ಮಕ್ಕಳು ಮೊದಲು ದೊಡ್ಡವರೊಂದಿಗೆ ಮಾತು ಕಲಿಯುತ್ತಾರೆ, ಆಮೇಲೆ ಅದೇ ಮಾತನ್ನು ತಮಗೆ ತಾವೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ, ಶಾಲೆಗೆ ಹೋಗುವ ವಯಸ್ಸಿನ ಸುಮಾರಿಗೆ ಅದು ಒಳಗಿಳಿದು ಸದ್ದಿಲ್ಲದ ಯೋಚನೆಯಾಗುತ್ತದೆ ಎಂದರು. ಇದು ನನಗೆ ಬಹಳ ಸಮಾಧಾನ ಕೊಟ್ಟ ವಿಚಾರ. ನಮ್ಮ ಒಳಮಾತು ಹುಟ್ಟುತ್ತಲೇ ಬಂದದ್ದಲ್ಲ, ಅಜ್ಜಿ, ಅಪ್ಪ, ಅಮ್ಮ, ಮೇಷ್ಟ್ರು, ಗೆಳತಿಯರು ಎಲ್ಲರಿಂದ ಕಲಿತದ್ದು. ನಿನ್ನ ಪುಸ್ತಕದಲ್ಲಿ ಮತ್ತೆ ಮತ್ತೆ ಬಂದಿರುವ "ಇಷ್ಟೂ ಬರಲ್ವಾ ನಿಂಗೆ?" ಎಂಬ ಸಾಲು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ನಿನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ ಹೇಳುತ್ತಿದ್ದದ್ದು. ನೀನು ಅಳುತ್ತಾ ಮನೆಗೆ ಬಂದು ಅದನ್ನೇ ಹೇಳುತ್ತಿದ್ದೆ. ಈಗ ಅದು ನಿನ್ನದೇ ಧ್ವನಿಯಲ್ಲಿ ಬರುವುದರಿಂದ ಸತ್ಯ ಅನ್ನಿಸುತ್ತದೆ.

ಮೇಡಂ ಬರೆಯಲು ಹೇಳಿದ್ದು ಸುಮ್ಮನಲ್ಲ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಎಂಬ ಮನೋವೈದ್ಯರಿದ್ದರು. ಫ್ರಾಯ್ಡ್ ಪದ್ಧತಿಯಲ್ಲಿ ತರಬೇತಾದವರು. ರೋಗಿಯೊಬ್ಬಳು ತನ್ನ ಕಥೆ ಹೇಳುತ್ತಾ ಚಡಪಡಿಸುತ್ತಿದ್ದಳು. ಕೆದಕಿ ಕೇಳಿದರೆ, ಹೊರಗೆ ಕಥೆ ಹೇಳುತ್ತಿದ್ದಾಗಲೇ ಒಳಗೆ "ನನ್ನ ಮಾತು ಇವರಿಗೆ ಬೇಜಾರು ತರಿಸುತ್ತಿದೆ" ಎಂಬ ಯೋಚನೆ ಅವಳಿಗೆ ಓಡುತ್ತಿತ್ತಂತೆ. ಖಿನ್ನತೆಯಿದ್ದ ಬೇರೆಯವರಲ್ಲೂ ಇದೇ ಬಗೆಯ, ಕರೆಯದೇ ಬರುವ ಚುಟುಕು ಯೋಚನೆಗಳು ಕಂಡವು. ಸರಕ್ಕನೆ ಬಂದು ಹೋಗುತ್ತವೆ, ಅವು ಬಿಟ್ಟುಹೋದ ಸಂಕಟ ಮಾತ್ರ ನಮಗೆ ತಿಳಿಯುತ್ತದೆ. ಅವುಗಳನ್ನು ಹಿಡಿದು ಪರೀಕ್ಷಿಸುವುದನ್ನೇ ಬೆಕ್ ಚಿಕಿತ್ಸೆಯಾಗಿ ಬೆಳೆಸಿದರು. ಈಗ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅನ್ನುವುದು ಅದನ್ನೇ.

ಪರೀಕ್ಷೆ ಎಂದರೆ "ನಾನು ಜಾಣೆ, ನಾನು ಜಾಣೆ" ಎಂದು ಜಪ ಮಾಡುವುದಲ್ಲ. ಅಂಥ ಜಪವನ್ನು ಮನಸ್ಸು ನಂಬುವುದೂ ಇಲ್ಲ. ಮೊನ್ನೆ ನಿನ್ನ ಮ್ಯಾನೇಜರ್ "ನಾಳೆ ಮಾತಾಡೋಣ" ಎಂದು ಮೆಸೇಜ್ ಹಾಕಿದಾಗ ರಾತ್ರಿಯಿಡೀ ನಿದ್ದೆಗೆಟ್ಟೆಯಲ್ಲ, ಅದನ್ನೇ ತಗೋ. ನಡೆದದ್ದು ಒಂದು ಮೆಸೇಜ್. ಒಳಗೆ ಬಂದದ್ದು "ನನ್ನ ಕೆಲಸ ಹೋಯಿತು". ನೂರಕ್ಕೆ ಎಷ್ಟು ನಂಬಿದೆ? ತೊಂಬತ್ತು ಅನ್ನು. ಹಾಗೆ ನಂಬಲು ಕೈಯಲ್ಲಿರುವ ಆಧಾರವೇನು, ಅದರ ವಿರುದ್ಧದ ಆಧಾರವೇನು? ಎರಡನ್ನೂ ಬರೆ. ಆಮೇಲೆ ಮತ್ತೆ ನೂರಕ್ಕೆ ಎಷ್ಟು ಎಂದು ಕೇಳಿಕೋ. ಮೂವತ್ತಕ್ಕೆ ಇಳಿದರೂ ಸಾಕು, ನಿದ್ದೆ ಬರುತ್ತದೆ. ಕೆಲವೊಮ್ಮೆ ಯೋಚನೆ ನಿಜವೇ ಆಗಿರುತ್ತದೆ, ಕೆಲಸದಲ್ಲಿ ತಪ್ಪಾಗಿರುತ್ತದೆ. ಆಗ ತಿದ್ದಿಕೊಳ್ಳುವ ಬಗೆ ಯೋಚಿಸು. ತಪ್ಪು ಮಾಡಿದ್ದಕ್ಕೂ ಕೆಲಸಕ್ಕೆ ಬಾರದವಳಾಗಿದ್ದಕ್ಕೂ ಬಹಳ ಅಂತರವಿದೆ.

ಬರೆಯಲು ಆಗದಷ್ಟು ಉಸಿರು ಕಟ್ಟಿದಾಗ ನಿನ್ನ ಹೆಸರು ಹಿಡಿದು ನಿನ್ನನ್ನೇ ಮಾತಾಡಿಸಿಕೋ, ಗೆಳತಿಗೆ ಹೇಳಿದ ಹಾಗೆ. ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಭಾಷಣದಂಥ ಒತ್ತಡದ ಹೊತ್ತಿನಲ್ಲಿ ತಮ್ಮ ಹೆಸರಿನಿಂದಲೇ ತಮ್ಮನ್ನು ಕರೆದುಕೊಂಡವರು "ನಾನು, ನಾನು" ಎಂದು ಯೋಚಿಸಿದವರಿಗಿಂತ ಚೆನ್ನಾಗಿ ನಿಭಾಯಿಸಿದ್ದರು. ನಮ್ಮ ಹರಿದಾಸರು ಮನಸ್ಸನ್ನು ಎದುರಿಗೆ ಕೂರಿಸಿಕೊಂಡು "ಮನವೇ" ಎಂದು ಕರೆದು ಬುದ್ಧಿ ಹೇಳಿದ್ದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವಳು ನೀನು. ನಿನಗಿದು ಹೊಸದಾಗಲಾರದು.

ಒಂದು ಎಚ್ಚರಿಕೆ. ಮಧ್ಯರಾತ್ರಿ ಹಾಸಿಗೆಯಲ್ಲಿ "ಯಾಕೆ ಹೀಗಾದೆ, ಯಾಕೆ ಹೀಗಾದೆ" ಎಂದು ಸುತ್ತುವುದನ್ನು ಆತ್ಮಾವಲೋಕನ ಅಂದುಕೊಳ್ಳಬೇಡ. ಅದರಿಂದ ಖಿನ್ನತೆ ಹೆಚ್ಚುತ್ತದೆ. ದೀಪ ಹಾಕಿ ಕೂತು ನಾಲ್ಕು ಸಾಲು ಬರೆ, ಇಲ್ಲವೇ ಬೆಳಿಗ್ಗೆಗೆ ಬಿಡು. ಆ ಮಾತು ಎಂದಾದರೂ "ಬದುಕಿ ಏನು ಪ್ರಯೋಜನ" ಎಂಬಲ್ಲಿಗೆ ಬಂದರೆ ಪುಸ್ತಕ ಪಕ್ಕಕ್ಕಿಟ್ಟು ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಂಬರ್ ಈಗಲೇ ಸೇವ್ ಮಾಡಿಕೋ.

ಮೇಡಂ ಹತ್ತಿರ ಏನು ಹೇಳಿದೆ ಎಂದು ನಾನು ಕೇಳುವುದಿಲ್ಲ. ಅದನ್ನು ಗುಟ್ಟಾಗಿಡುವ ಹೊಣೆ ಅವರ ಮೇಲಿದೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಅದನ್ನೇ ಹೇಳುತ್ತದೆ. ಪುಸ್ತಕದ ಸಾಲುಗಳಲ್ಲಿ ನನ್ನ ಧ್ವನಿ ಸಿಕ್ಕರೆ ಅದನ್ನೂ ಅಳುಕದೆ ಅವರ ಮುಂದಿಡು, ನನಗೆ ನೋವಾಗುತ್ತದೆಂದು ಮುಚ್ಚಿಡಬೇಡ. ಫೀಸು ಜಾಸ್ತಿಯಾಯಿತೆಂದು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡ, ಅಪ್ಪ ತಿಂಗಳ ಮೊದಲ ವಾರವೇ ನಿನ್ನ ಖಾತೆಗೆ ಹಾಕುತ್ತಾರಂತೆ.

ನಿನ್ನ
ಅಮ್ಮ