ಕಾಳು ನನ್ನ ತಟ್ಟೆಗೆ ಬಂದ ವರ್ಷ

ಕಳೆದ ಭಾನುವಾರ ಊರ ದೇವಸ್ಥಾನದಲ್ಲಿ ಪಂಕ್ತಿಗೆ ಕುಳಿತೆ. ನೆಲದ ಮೇಲೆ, ಎಲ್ಲರಂತೆ ಚಕ್ಕಳಮಕ್ಕಳ ಹಾಕಿ. ಉಂಡಾದ ಮೇಲೆ ಯಾರ ತೋಳನ್ನೂ ಹಿಡಿಯದೆ ಎದ್ದು ನಿಂತೆ. ಎಪ್ಪತ್ತು ತುಂಬಿದ ದಿನಕ್ಕಿಂತ ನನಗೆ ಅದೇ ದೊಡ್ಡ ದಿನ. ಹೋದ ವರ್ಷ ಆಸ್ಪತ್ರೆ ಸೇರಿ, ರಕ್ತ ಹಾಕಿಸಿಕೊಂಡು, ಎದ್ದು ನಿಲ್ಲುವ ತ್ರಾಣವೂ ಇಲ್ಲದೆ ಮನೆಗೆ ಬಂದವಳು ನಾನು.

ರಕ್ತ ಕೊಟ್ಟ ಅಕ್ಕನ ಮಕ್ಕಳು, ಸರದಿಯಲ್ಲಿ ಬುತ್ತಿ ತಂದ ಬೀದಿಯವರು, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳಿಸುವವರೆಗೆ ಬಿಡದ ಫಿಸಿಯೋಥೆರಪಿ ಹುಡುಗಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಆದರೆ ಇವತ್ತು ನನ್ನ ನಾದಿನಿಯ ಮಾತನ್ನೇ ಆಡಬೇಕು.

ಆಸ್ಪತ್ರೆಯಿಂದ ಬಂದ ಮೂರನೆಯ ವಾರ. ಆ ರಾತ್ರಿ ಜೊತೆಗೆ ಮಲಗಲು ಅವಳು ಬಂದಿದ್ದಳು. ಬಚ್ಚಲ ಬಾಗಿಲಲ್ಲಿ ನಾನು ಕುಸಿದೆ. ಪೆಟ್ಟಾಗಲಿಲ್ಲ, ಆದರೆ ಏಳಲು ತೊಡೆಯಲ್ಲಿ ತ್ರಾಣವೇ ಇರಲಿಲ್ಲ. ಅವಳಿಗೂ ಸೊಂಟ ನೋವು. ಎರಡು ಸಲ ಎತ್ತಲು ನೋಡಿ ಸೋತಳು. ಸೀರೆ ಒದ್ದೆಯಾಗಿತ್ತು, ಯಾರನ್ನೂ ಕರೆಯಬೇಡ ಎಂದು ಹಟ ಹಿಡಿದೆ. ಅವಳು ಅಲ್ಲೇ ಸೀರೆ ಬದಲಿಸಿ, ಚಾಪೆ ಎಳೆದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕುಳಿತಳು. ಹಾಲಿನ ಹುಡುಗ ಬರುವವರೆಗೂ ಹಾಗೆಯೇ ಇದ್ದಳು.

ನಡುವೆ ಒಮ್ಮೆ ಕೇಳಿದಳು: "ಅತ್ತಿಗೆ, ಇವತ್ತು ಏನೇನು ತಿಂದಿರಿ?" ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ತಿಳಿಸಾರು, ಅನ್ನ. ರಾತ್ರಿ ಗಂಜಿ. ವಯಸ್ಸಾದ ಮೇಲೆ ಹಗುರವಾಗಿ ಉಣ್ಣಬೇಕು ಎಂದೆ. ಅವಳು ಮಾತಾಡಲಿಲ್ಲ. ನನಗೆ ಅತ್ತೆಯ ಕೈ ನೆನಪಾಯಿತು. ಕೊನೆಯ ವರ್ಷಗಳಲ್ಲಿ ಅವರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಜೀರ್ಣವಾಗುವುದಿಲ್ಲವೆಂದು ಅವರಿಗೆ ಎರಡು ಹೊತ್ತೂ ಗಂಜಿ ಬಡಿಸಿದವಳು ನಾನೇ. ಪ್ರೀತಿಯಿಂದಲೇ ಬಡಿಸಿದ್ದೆ. ಆದರೆ ಅವರು ಇವಳ ತಾಯಿ. ಅದನ್ನು ಹೇಳಿಕೊಂಡು ಬಚ್ಚಲ ಬಾಗಿಲಲ್ಲೇ ಅತ್ತುಬಿಟ್ಟೆ. "ನಮಗೆ ಯಾರಿಗೂ ಗೊತ್ತಿರಲಿಲ್ಲ ಅತ್ತಿಗೆ" ಎಂದು ನನ್ನ ಕೂದಲು ಸವರಿದಳು, ಅಷ್ಟೇ.

ಮರುದಿನ ಹುರುಳಿಕಾಳು ನೆನೆಹಾಕಿದಳು. ವೈದ್ಯರಲ್ಲಿ ಕೇಳಿ, ಮೂತ್ರಪಿಂಡ ಸರಿಯಿದೆಯೆಂದು ಪರೀಕ್ಷೆ ಮಾಡಿಸಿಯೇ ಮುಂದುವರಿದಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದೊಡ್ಡವರಿಗೆ ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ ಸ್ನಾಯು ಕಟ್ಟುವ ಸತ್ವ, ಬೇಕು ಎನ್ನುತ್ತದೆ. ವಯಸ್ಸಾದಂತೆ ತಿಂದದ್ದಕ್ಕೆ ಸ್ನಾಯು ಮೊದಲಿನಂತೆ ಓಗೊಡುವುದಿಲ್ಲವಾದ್ದರಿಂದ 1ರಿಂದ 1.2 ಗ್ರಾಂ ಬೇಕು ಎನ್ನುವ ತಜ್ಞರಿದ್ದಾರೆ. ನನ್ನ ತೂಕ 52 ಕಿಲೋ, ಅಂದರೆ ದಿನಕ್ಕೆ 52ರಿಂದ 62 ಗ್ರಾಂ. ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಬರೆದ ಲೆಕ್ಕ ಈಗಲೂ ನನ್ನ ಬಳಿ ಇದೆ: ಒಂದು ಮೊಟ್ಟೆಗೆ 6 ಗ್ರಾಂ, ದೊಡ್ಡ ಲೋಟ ಹಾಲಿಗೆ 6, ಹಿಡಿ ಕಡಲೆಕಾಯಿ ಬೀಜಕ್ಕೆ 7, ಐವತ್ತು ಗ್ರಾಂ ಹುರುಳಿಗೆ 11. ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೂ ಹಂಚಿದಳು. ಹಲ್ಲು ಆಡದ ದಿನ ಮೊಳಕೆ ಕಾಳನ್ನು ಮೆತ್ತಗೆ ಬೇಯಿಸಿ ಮಸೆದಳು.

ಬಸ್ಸಾರು ಮಾಡಿದ ದಿನವನ್ನು ಮರೆಯಲಾರೆ. ನಮ್ಮ ಮನೆಯಲ್ಲಿ ಕಾಳು ಬಸಿದರೆ ಪಲ್ಯ ಗಂಡಸರಿಗೆ, ಮಕ್ಕಳಿಗೆ. ಕೊನೆಗೆ ಕೂರುವ ಹೆಂಗಸರಿಗೆ ಮುದ್ದೆ, ಬಸಿದ ನೀರಿನ ಸಾರು. ನಲವತ್ತೈದು ವರ್ಷ ಹಾಗೆಯೇ ಉಂಡೆ, ಕೊರತೆ ಎನಿಸಲೇ ಇಲ್ಲ. ಅವಳು ಬಾಣಲೆ ತಂದು ಕಾಳನ್ನೆಲ್ಲ ನನ್ನ ತಟ್ಟೆಗೆ ಬಡಿಸಿ, ಮುಗಿಯುವವರೆಗೆ ಎದುರಿಗೇ ಕುಳಿತಳು. ಆರು ತಿಂಗಳು ವಾರಕ್ಕೆ ನಾಲ್ಕು ದಿನ ತುಮಕೂರಿನಿಂದ ಬಸ್ಸಿನಲ್ಲಿ ಬಂದಳು.

ಪಂಕ್ತಿಯಿಂದ ನಾನು ಎದ್ದಾಗ ಅವಳು ಎದುರು ಸಾಲಿನಲ್ಲಿದ್ದಳು. ಎಲೆ ಮಡಚುವುದನ್ನೂ ಮರೆತು ನೋಡುತ್ತಿದ್ದಳು.

ಸೊಗಡಿನ ಅವರೆಕಾಯಿ ಬಂದಿದೆ. ಈ ಭಾನುವಾರ ಬಾ, ತಾಯಿ. ಕಾಳು ನೆನೆಸಿ ನಾನೇ ಇದುಕಿ ಇಟ್ಟಿರುತ್ತೇನೆ. ನೀನು ಕುಳಿತು ಉಣ್ಣು, ನಾನು ಎದುರಿಗೆ ಕೂರುತ್ತೇನೆ.