ಮಸೀದಿಯ ನಲ್ಲಿಯೂ ಕೋಲಾರದ ಅಂತರ್ಜಲವೂ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಟ್ಯಾಂಕರ್ ಮುಂದೆ ಬಿಂದಿಗೆಗಳ ಸಾಲು ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ನಾಲ್ಕು ಮಳೆ ಬಿದ್ದರೆ ಎಲ್ಲರೂ ಅದನ್ನು ಮರೆಯುತ್ತೇವೆ. ಕೋಲಾರದ ನೀರಿಗಾಗಿ ಸರ್ಕಾರ ಏನು ಮಾಡಬೇಕೆಂದು ಬರೆದವರು ಬಹಳ ಮಂದಿ. ಈ ಜಿಲ್ಲೆಯ ಮುಸ್ಲಿಮರಾದ ನಾವು ನಮ್ಮ ಮಸೀದಿಯ ಅಂಗಳದಿಂದಲೇ ಶುರು ಮಾಡಬಹುದಾದ ಕೆಲಸವೊಂದಿದೆ, ಅದರ ಬಗ್ಗೆ ಬರೆಯುತ್ತಿದ್ದೇನೆ.

ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಹಿರಿಯರು ಕಟ್ಟಿದ ಕೆರೆಗಳನ್ನು ನಂಬಿ, ಕೆರೆ ನೀರು ಹಂಚುವ ನೀರಗಂಟಿಯ ಸರದಿಯನ್ನು ಗೌರವಿಸಿ ಬದುಕಿದ ನಾಡಿದು. ಇಂದು ಕೊಳವೆಬಾವಿ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ದೂಳೇ ಬರುತ್ತದೆ. ನೀರು ಸಿಕ್ಕ ಕಡೆ ಫ್ಲೋರೈಡ್ ಕಾಟ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ನಮ್ಮ ತಾಲ್ಲೂಕುಗಳು ಅತಿಬಳಕೆಯ ವರ್ಗದಲ್ಲಿವೆ. ಕುರ್‌ಆನಿನ 67ನೆಯ ಅಧ್ಯಾಯ 'ಅಲ್ ಮುಲ್ಕ್'ನ ಕೊನೆಯ ವಚನ ಕೇಳುತ್ತದೆ: ನಿಮ್ಮ ನೀರು ನೆಲದೊಳಗೆ ಇಳಿದುಹೋದರೆ ನಿಮಗೆ ಹರಿಯುವ ನೀರನ್ನು ತಂದುಕೊಡುವವರು ಯಾರು? ಮಲಗುವ ಮುನ್ನ ಈ ಅಧ್ಯಾಯವನ್ನು ಓದುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಕೋಲಾರದಲ್ಲಿ ಕುಳಿತು ಈ ಮಾತನ್ನು ಓದಿಯೂ ಎದೆ ನಡುಗದಿದ್ದರೆ ನಾವು ಓದುತ್ತಿರುವುದಾದರೂ ಏನನ್ನು?

ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ಶುದ್ಧಿಯಾಗುವ ವುಜೂ ನಡೆಯುವ ಜಾಗಕ್ಕೆ ಹೋಗಿ ನೋಡಿ. ಸಾಲಾಗಿ ನಲ್ಲಿಗಳು, ಎದುರಿಗೆ ಕುಳಿತುಕೊಳ್ಳುವ ಕಲ್ಲುಗಳು. ಒಬ್ಬರು ಬಂದು ಕುಳಿತು ಮೊದಲು ನಲ್ಲಿ ತಿರುಗಿಸುತ್ತಾರೆ, ಆಮೇಲೆ ಅಂಗಿಯ ತೋಳು ಮಡಚುತ್ತಾರೆ, ಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಾರೆ, ಪಕ್ಕದವರೊಂದಿಗೆ ರೇಷ್ಮೆಗೂಡಿನ ದರ ಮಾತನಾಡುತ್ತಾರೆ. ಅಷ್ಟು ಹೊತ್ತೂ ನೀರು ಧಾರೆಯಾಗಿ ಚರಂಡಿಗೆ ಹರಿಯುತ್ತಿರುತ್ತದೆ. ತಲೆ ಸವರಿಕೊಳ್ಳಲು ಒದ್ದೆ ಕೈ ಸಾಕು, ಆಗಲೂ ನಲ್ಲಿ ನಿಲ್ಲುವುದಿಲ್ಲ. ಹಳೆಯ ಮಸೀದಿಗಳ ಹೌಜಿನಲ್ಲಿ, ಅಂದರೆ ನೀರಿನ ತೊಟ್ಟಿಯಲ್ಲಿ, ಬೊಗಸೆ ತುಂಬಿಕೊಂಡು ವುಜೂ ಮಾಡುತ್ತಿದ್ದಾಗ ಈ ಪೋಲಿಗೆ ಆಸ್ಪದವೇ ಇರಲಿಲ್ಲ.

ಪ್ರವಾದಿ ಮುಹಮ್ಮದ್ (ಸ) ಅವರು ಒಂದು 'ಮುದ್ದ್' ನೀರಿನಲ್ಲಿ ವುಜೂ ಮುಗಿಸುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಂ ಎಂಬ ಎರಡೂ ಹದೀಸ್ (ಪ್ರವಾದಿಯ ನಡೆನುಡಿಗಳ ವರದಿ) ಸಂಗ್ರಹಗಳಲ್ಲಿದೆ. ಮುದ್ದ್ ಎಂದರೆ ಸಾಧಾರಣ ಆಳಿನ ಎರಡು ಕೈ ಸೇರಿದ ಬೊಗಸೆಯಷ್ಟು. ಇಂದಿನ ಲೆಕ್ಕದಲ್ಲಿ ಹೆಚ್ಚೆಂದರೆ ಒಂದು ಲೀಟರ್. ಹರಿಯುವ ಹೊಳೆಯ ದಂಡೆಯಲ್ಲಿದ್ದರೂ ವುಜೂವಿನಲ್ಲಿ ನೀರು ಪೋಲು ಮಾಡಬೇಡ ಎಂದು ಅವರು ಸಅದ್ ಎಂಬ ಅನುಚರರಿಗೆ ಹೇಳಿದ ಮಾತು ಇಬ್ನ್ ಮಾಜಾ ಸಂಗ್ರಹದಲ್ಲಿದೆ. ಆ ವರದಿಯ ಬಲದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ಆದರೆ ಪೋಲು ಸಲ್ಲದು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಹೊಳೆಯ ದಂಡೆಯಲ್ಲೇ ಸಲ್ಲದ್ದು ಸಾವಿರ ಅಡಿಯಿಂದ ಮೇಲೆತ್ತಿದ ನೀರಿಗೆ ಹೇಗೆ ಸಲ್ಲುತ್ತದೆ?

ವುಜೂ ಮಾಡಿದ ನೀರು ಮತ್ತೆ ವುಜೂವಿಗೆ ಬರುವುದಿಲ್ಲವಾದರೂ ಅದು ಅಶುದ್ಧವಲ್ಲ ಎಂಬುದು ಸುನ್ನಿ ಧರ್ಮಶಾಸ್ತ್ರದ ಪಂಥಗಳಲ್ಲಿ ಒಂದಾದ ಹನಫಿ ಪಂಥದ ಅಂಗೀಕೃತ ಅಭಿಪ್ರಾಯ. ಸಾಬೂನಿನ ಸೋಂಕೂ ಇಲ್ಲದ ಆ ನೀರನ್ನು ಗಿಡಮರಗಳಿಗೆ, ಜಲ್ಲಿ ತುಂಬಿದ ಇಂಗುಗುಂಡಿಗೆ ತಿರುಗಿಸಲು ಧರ್ಮದ ಅಡ್ಡಿಯಿಲ್ಲ. ಒಂದು ಪೈಪು, ಒಂದು ಗುಂಡಿ, ಒತ್ತಿದರೆ ಮಾತ್ರ ನೀರು ಬಿಡುವ ನಲ್ಲಿಗಳು: ಮಸೀದಿಗೆ ಸುಣ್ಣಬಣ್ಣ ಮಾಡಿಸುವ ಯಾವ ಜಮಾತಿಗೂ (ಮಸೀದಿಯ ಸಮುದಾಯಕ್ಕೂ) ಇದು ಭಾರದ ಖರ್ಚಲ್ಲ.

ಇನ್ನು ನೀರು ಮಾರುವವರ ವಿಷಯ. ಅವರಲ್ಲಿ ನಮ್ಮವರೂ ಇದ್ದಾರೆ, ಮುಚ್ಚಿಡುವುದೇಕೆ? ಮದೀನಾದಲ್ಲಿ ರೂಮಾ ಎಂಬ ಸಿಹಿನೀರಿನ ಬಾವಿಯ ನೀರು ಮಾರಾಟವಾಗುತ್ತಿತ್ತು. ಪ್ರವಾದಿಯವರ ಅನುಚರರಾದ ಹಜರತ್ ಉಸ್ಮಾನ್ ಅದನ್ನು ಸ್ವಂತ ಹಣದಿಂದ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಅದರಲ್ಲಿ ಅವರ ಪಾಲೂ ಮಿಕ್ಕವರಷ್ಟೇ. ತನಗೆ ಮಿಕ್ಕ ನೀರನ್ನು ದಾರಿಹೋಕನಿಗೆ ನಿರಾಕರಿಸಿದವನತ್ತ ಅಲ್ಲಾಹನು ಅಂತಿಮ ದಿನ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಬುಖಾರಿಯಲ್ಲಿದೆ. ದುಡಿಮೆಗೆ, ಡೀಸೆಲ್ಲಿಗೆ ಬೆಲೆ ಪಡೆಯುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಪಕ್ಕದ ರೈತನ ಬಾವಿ ಬತ್ತುವಂತೆ ಹಗಲಿರುಳು ಪಂಪು ಓಡಿಸುವುದು, ಬಿಸಿಲು ಏರಿದಂತೆ ದರ ಏರಿಸುವುದು ಬೇರೆ ಮಾತು. ಬಡ್ಡಿಯ ಬಗ್ಗೆ ಗುಡುಗುವ ನಮ್ಮ ಮಸೀದಿಯ ಪ್ರವಚನಗಳಲ್ಲಿ, ಬಯಾನುಗಳಲ್ಲಿ, ಇದರ ಸುದ್ದಿ ಬರುವುದು ಅಪರೂಪ. ಇದು ನನಗೆ ನಿಜವಾಗಿ ನೋವು ತರುವ ಮೌನ.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತರುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿತ ನೀರು ಬಂದಾಗಿನಿಂದ ಜಿಲ್ಲೆಯಲ್ಲಿ ಎರಡು ದನಿಗಳಿವೆ. ಕೆರೆ ತುಂಬಿತಲ್ಲ ಎಂಬ ಸಂತೋಷ ಒಂದು, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಬೇಕೆಂಬ ಹೋರಾಟ ಇನ್ನೊಂದು. ಚರಂಡಿ ನೀರಿನ ಪ್ರಶ್ನೆ ಇಸ್ಲಾಮಿನ ವಿದ್ವಾಂಸರಿಗೆ ಹೊಸದಲ್ಲ. ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ಇದನ್ನು ಚರ್ಚಿಸಿತು. ಬಣ್ಣ, ರುಚಿ, ವಾಸನೆಗಳಲ್ಲಿ ಕೊಳೆಯ ಗುರುತೇ ಉಳಿಯದಂತೆ ಶುದ್ಧಿಯಾದ ನೀರು ವುಜೂವಿಗೂ ಸಲ್ಲುತ್ತದೆ, ಆರೋಗ್ಯಕ್ಕೆ ಹಾನಿಯಿದ್ದರೆ ಮಾತ್ರ ಕುಡಿಯಬಾರದು ಎಂದು ತೀರ್ಪು ನೀಡಿತು. ಮರುಬಳಕೆಗೆ ಮುಖ ತಿರುಗಿಸಬೇಕಿಲ್ಲ, ಅರೆಬರೆ ಶುದ್ಧಿಯನ್ನು ಒಪ್ಪಬೇಕಾಗಿಯೂ ಇಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಮೂರನೆಯ ಹಂತಕ್ಕಾಗಿ ರೈತ ಸಂಘಟನೆಗಳು ಧರಣಿ ಕುಳಿತಾಗ ನಮ್ಮ ಜಮಾತುಗಳೂ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಅಂತರ್ಜಲಕ್ಕೆ ಜಾತಿ, ಮತ, ಮೊಹಲ್ಲಾ ತಿಳಿಯದು.

ಆದ್ದರಿಂದ ಜಿಲ್ಲೆಯ ಮುತವಲ್ಲಿಗಳಲ್ಲಿ, ಅಂದರೆ ಮಸೀದಿಗಳ ಆಡಳಿತ ನೋಡುವವರಲ್ಲಿ, ನನ್ನ ಕೋರಿಕೆ: ಈ ಬೇಸಿಗೆ ಏರುವ ಮುನ್ನ ಒಂದು ಶುಕ್ರವಾರದ ಜುಮಾದ ಬಯಾನನ್ನು ನೀರಿಗೆ ಮೀಸಲಿಡಿ, ವುಜೂ ನೀರಿನ ಪೈಪನ್ನು ಚರಂಡಿಯಿಂದ ಬಿಡಿಸಿ. ಜಿಲ್ಲಾ ವಕ್ಫ್ ಕಚೇರಿ ಮಸೀದಿಗಳ ರಿಪೇರಿ ಅರ್ಜಿಗಳನ್ನು ಪರಿಶೀಲಿಸುವಾಗ ಇಂಗುಗುಂಡಿ ಇದೆಯೇ ಎಂದು ಕೇಳಲಿ. ಸಣ್ಣ ನೀರಾವರಿ ಇಲಾಖೆಯವರು ಕೆರೆಗಳಿಗೆ ಬರುವ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಲಿ. ಹಾಗೆಯೇ ಮಸೀದಿಯ ಫಲಕಕ್ಕೂ ಒಂದು ಪ್ರತಿ ಕಳುಹಿಸಲಿ, ಅದನ್ನು ಓದಿ ಹೇಳುವ ಹೊಣೆ ನಮ್ಮದು.

— ಒಬ್ಬ ನಿವೃತ್ತ ಶಿಕ್ಷಕ, ಕೋಲಾರ